ಹಲ್ಲಿಗೆ ಇದ್ದಿಲು, ಮೂಗಿಗೆ ಮೆಂತಾಲ್

ಈಚಿನ ವರ್ಷಗಳಲ್ಲಿ ಪ್ರಸಾಧನ ಸಾಮಗ್ರಿಗಳ ಅಂಗಡಿಯಲ್ಲಿ ಕಪ್ಪು ಬಣ್ಣಕ್ಕೆ ವಿಶೇಷ ಮನ್ನಣೆ ದೊರೆತಿದೆ. ಕಪ್ಪು ಸಾಬೂನು, ಕಪ್ಪು ಟೂತ್‌ಪೇಸ್ಟ್, ಮುಖಕ್ಕೆ ಬಳಿದು ಸುಲಿದು ತೆಗೆಯುವ ಕಪ್ಪು ಲೇಪ; ಎಲ್ಲದರ ಮೇಲೂ ಸಕ್ರಿಯ ಇದ್ದಿಲಿನ ಹೆಸರು. ಇದ್ದಿಲಿನಿಂದ ಹಲ್ಲುಜ್ಜುವುದು ಹಳ್ಳಿಗಾಡಿನ ಲಕ್ಷಣವೆಂದು ನಕ್ಕು ಬಿಳಿಯ ಪೇಸ್ಟನ್ನು ಮನೆಗೆ ತಂದವರ ಮಕ್ಕಳೇ ಇಂದು ಹೆಚ್ಚಿನ ಬೆಲೆ ತೆತ್ತು ಅದೇ ಇದ್ದಿಲನ್ನು ಕೊಳ್ಳುತ್ತಿದ್ದಾರೆ. ಇದನ್ನು ಕಂಡು ಮನೆಯ ಹಿರಿಯರಿಗೆ ನಗು ಬಂದರೆ ಅದು ಅವರ ತಪ್ಪಲ್ಲ. ಆದರೆ ಹಿರಿಯರು ಬಳಸಿದ್ದಾಗಲಿ, ಕಿರಿಯರು ಕೊಳ್ಳುತ್ತಿರುವುದಾಗಲಿ ಹಲ್ಲಿಗೆ ಹಿತವೇ ಎಂಬುದು ಬೇರೆಯ ಪ್ರಶ್ನೆ. ತಾಯಂದಿರು ನಮ್ಮನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೂ ಅದೇ.

ಒಲೆಯ ಇದ್ದಿಲಿಗೂ ಸಕ್ರಿಯ ಇದ್ದಿಲಿಗೂ ಅಂತರವುಂಟು. ತೆಂಗಿನ ಕರಟವನ್ನೋ ಕಟ್ಟಿಗೆಯನ್ನೋ ಗಾಳಿಯಾಡದಂತೆ ಸುಟ್ಟು, ಆ ಇದ್ದಿಲಿನ ಮೇಲೆ 800ರಿಂದ 1000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹಬೆಯನ್ನು ಹಾಯಿಸಿದಾಗ ಅದರೊಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಏರ್ಪಡುತ್ತವೆ. ಈ ರಂಧ್ರಗಳ ಗೋಡೆಗಳನ್ನೆಲ್ಲ ಬಿಚ್ಚಿ ಹಾಸಲು ಸಾಧ್ಯವಿದ್ದರೆ ಒಂದೇ ಗ್ರಾಂ ಇದ್ದಿಲು ಸುಮಾರು 1000 ಚದರ ಮೀಟರ್, ಅಂದರೆ ಹತ್ತು ಗುಂಟೆ ನೆಲವನ್ನು ಮುಚ್ಚೀತು. ಈ ವಿಶಾಲವಾದ ಮೈಗೆ ಬಣ್ಣ, ವಾಸನೆ, ಕೆಲವು ವಿಷಗಳು ಬಂದು ಅಂಟಿಕೊಳ್ಳುತ್ತವೆ. ಅರಿವೆ ನೀರನ್ನು ಹೀರಿದಂತೆ ಇದು ಒಳಗೆ ಹೀರಿಕೊಳ್ಳುವುದಲ್ಲ, ಮೇಲ್ಮೈಗೆ ಅಂಟಿಸಿಕೊಳ್ಳುವುದು. ರಸಾಯನಶಾಸ್ತ್ರದಲ್ಲಿ ಇದಕ್ಕೆ ಅಧಿಶೋಷಣೆ ಎಂದು ಹೆಸರು. ಇದ್ದಿಲು ದ್ರಾವಣಗಳ ಬಣ್ಣವನ್ನು ತೆಗೆಯಬಲ್ಲದೆಂಬುದನ್ನು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಔಷಧ ತಯಾರಕನಾಗಿದ್ದ ಟೋಬಿಯಾಸ್ ಲೋವಿಟ್ಸ್ 1785ರಲ್ಲಿ ಕಂಡುಕೊಂಡನು. ಸಕ್ಕರೆಯನ್ನು ಬಿಳಿದು ಮಾಡುವುದರಲ್ಲಿ, ನೀರಿನ ಸೋಸುಕಗಳಲ್ಲಿ, ಮೊದಲನೆಯ ಮಹಾಯುದ್ಧದ ಸೈನಿಕರ ಅನಿಲ ಮುಖವಾಡಗಳಲ್ಲಿ ಅದು ಕೆಲಸ ಮಾಡಿದ್ದು ಈ ಗುಣದಿಂದಲೇ.

ವೈದ್ಯಶಾಸ್ತ್ರದಲ್ಲಿಯೂ ಅದಕ್ಕೆ ಗೌರವದ ಸ್ಥಾನವಿದೆ. ಕೆಲವು ಬಗೆಯ ವಿಷ ಅಥವಾ ಅತಿಯಾದ ಮಾತ್ರೆ ಹೊಟ್ಟೆಗೆ ಹೋದಾಗ, ಒಂದು ಗಂಟೆಯೊಳಗೆ ರೋಗಿ ಆಸ್ಪತ್ರೆ ತಲುಪಿದರೆ, ವಯಸ್ಕರಿಗೆ ಸಾಮಾನ್ಯವಾಗಿ 50 ಗ್ರಾಂ ಸಕ್ರಿಯ ಇದ್ದಿಲನ್ನು ನೀರಿನಲ್ಲಿ ಕಲಸಿ ಕುಡಿಸುವುದುಂಟು. ಹಾಗೆಂದು ಮನೆಯಲ್ಲಿ ಇದ್ದಿಲು ಅರೆದು ಕುಡಿಸುತ್ತ ಕೂರಬಾರದು. ಸೀಮೆ ಎಣ್ಣೆ, ಆಮ್ಲ, ಕಬ್ಬಿಣದ ಮಾತ್ರೆ, ಮದ್ಯಸಾರ ಇವುಗಳ ಮುಂದೆ ಇದ್ದಿಲಿನ ಆಟ ನಡೆಯದು. ಕುಡಿಸುವಾಗ ಶ್ವಾಸಕೋಶಕ್ಕೆ ಇಳಿದರೆ ಅದೇ ಪ್ರಾಣಕ್ಕೆ ಮುಳುವು. 'ಹೊಟ್ಟೆಯ ಕಲ್ಮಶ ತೆಗೆಯುತ್ತದೆ' ಎಂದು ಮಾರುವ ಇದ್ದಿಲಿನ ಗುಳಿಗೆಗಳ ವಿಷಯದಲ್ಲಿ ಮತ್ತೊಂದು ಎಚ್ಚರಿಕೆ ಬೇಕು: ಅದು ವಿಷಕ್ಕೂ ಔಷಧಕ್ಕೂ ಭೇದವೆಣಿಸುವುದಿಲ್ಲ. ನಿತ್ಯ ಸೇವಿಸುವ ಔಷಧಗಳನ್ನೂ ಅಂಟಿಸಿಕೊಂಡು ಹೊರಗೆ ಹೋಗಬಲ್ಲದು.

ಸಾಬೂನಿನ ಮಾತನ್ನು ಬೇಗ ಮುಗಿಸಬಹುದು. ಇದ್ದಿಲಿನ ಶಕ್ತಿಯೆಲ್ಲ ಅದರ ರಂಧ್ರಗಳಲ್ಲಿದೆ. ಅದನ್ನು ಎಣ್ಣೆ, ಕ್ಷಾರ, ಸುಗಂಧಗಳೊಡನೆ ಬೆರೆಸಿ ಬಿಲ್ಲೆ ಮಾಡುವಾಗಲೇ ಆ ರಂಧ್ರಗಳಲ್ಲಿ ಬಹುಪಾಲು ತುಂಬಿಹೋಗುತ್ತವೆ. ಮೈಯ ಕೊಳೆಯನ್ನು ತೆಗೆಯುವುದು ಸಾಬೂನೇ ಹೊರತು ಅದರ ಕಪ್ಪಲ್ಲ. ಹಾನಿಯಿಲ್ಲ, ಹೆಚ್ಚಿನ ಲಾಭವೂ ಇಲ್ಲ. ಸುಲಿದು ತೆಗೆಯುವ ಮುಖಲೇಪ ಮಾತ್ರ ಅಷ್ಟು ನಿರುಪದ್ರವಿಯಲ್ಲ. ಅಂಟಿನೊಂದಿಗೆ ಸಣ್ಣ ಕೂದಲೂ ಚರ್ಮದ ಮೇಲ್ಪದರವೂ ಕಿತ್ತುಬರುತ್ತವೆ.

ನಿಜವಾದ ಚಿಂತೆ ಹಲ್ಲಿನದು. ಹಲ್ಲಿನ ಹೊರಗವಚವಾದ ಎನಾಮಲ್ ನಮ್ಮ ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ಆದರೆ ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಇದ್ದಿಲಿನ ಪುಡಿ ಒರಟಾಗಿದ್ದರೆ ಚಹಾದ ಕಲೆ, ಎಲೆ ಅಡಿಕೆಯ ಕಲೆಗಳ ಜೊತೆಗೆ ಈ ಕವಚವನ್ನೂ ತಿಕ್ಕಿ ತೆಗೆಯುತ್ತದೆ. ಮೊದಲ ಕೆಲವು ವಾರ ಹಲ್ಲು ಬೆಳ್ಳಗಾದಂತೆ ಕಾಣುವುದು ಸುಳ್ಳಲ್ಲ. ಕ್ರಮೇಣ ಕವಚ ತೆಳುವಾಗಿ, ಅದರ ಕೆಳಗಿನ ಹಳದಿ ಛಾಯೆಯ ಪದರ ಹೊರಗೆ ಇಣುಕುತ್ತದೆ. ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ. ಇನ್ನೂ ಬಿಳುಪು ಬರಲೆಂದು ಇನ್ನಷ್ಟು ಉಜ್ಜಿದಂತೆಲ್ಲ ಹಳದಿ ಹೆಚ್ಚುತ್ತದೆ. ಹಲ್ಲು ತುಂಬಿಸಿಕೊಂಡವರಲ್ಲಿ ಕಪ್ಪು ಕಣಗಳು ಆ ಅಂಚಿನಲ್ಲಿ ಸೇರಿ ಗೆರೆಯಾಗುವುದೂ ಉಂಟು. 2017ರಲ್ಲಿ ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪರಿಶೀಲನೆಯೊಂದು, ಇದ್ದಿಲಿನ ಪೇಸ್ಟು ಪುಡಿಗಳು ಸುರಕ್ಷಿತವೆನ್ನಲು ಅಥವಾ ಪರಿಣಾಮಕಾರಿ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ತೀರ್ಮಾನಿಸಿತು. ಅಲ್ಲಿ ನೋಡಿದ 50 ಉತ್ಪನ್ನಗಳಲ್ಲಿ ಹುಳುಕನ್ನು ತಡೆಯುವ ಫ್ಲೋರೈಡ್ ಇದ್ದದ್ದು ನೂರಕ್ಕೆ 8ರಲ್ಲಿ ಮಾತ್ರ.

'ನಮ್ಮ ಅಜ್ಜಿ ಬಾಳೆಲ್ಲ ಇದ್ದಿಲಿನಲ್ಲಿಯೇ ತಿಕ್ಕಿದರು, ಹಲ್ಲು ಗಟ್ಟಿಯಾಗಿಯೇ ಇದ್ದವು' ಎನ್ನುವವರಿದ್ದಾರೆ. ಆ ಅಜ್ಜಿ ದಿನಕ್ಕೆ ಎಷ್ಟು ಸಕ್ಕರೆ ತಿಂದರು, ಎಷ್ಟು ಬಿಸ್ಕತ್ತು, ಚಾಕಲೇಟು ಕಂಡರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ರೊಟ್ಟಿ ಕಡಿದು ತಿಂದ ಹಲ್ಲಿನ ಯಶಸ್ಸನ್ನು ಇದ್ದಿಲಿಗೆ ಬರೆಯುವುದು ನ್ಯಾಯವಲ್ಲ.

ಇಲ್ಲಿ ನಮ್ಮ ನಾಡಿಗೆ ವಿಶೇಷವಾಗಿ ಸಂಬಂಧಿಸಿದ ಸಂಗತಿಯೊಂದಿದೆ. ಗದಗ, ಕೊಪ್ಪಳ, ರಾಯಚೂರು, ಚಿತ್ರದುರ್ಗ, ತುಮಕೂರು, ಕೋಲಾರ ಮೊದಲಾದ ಜಿಲ್ಲೆಗಳ ಅನೇಕ ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ದಾರಿಯಿಲ್ಲದಾಗ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಎಂಟು ವರ್ಷದೊಳಗೆ, ಒಸಡಿನ ಒಳಗೆ ಹಲ್ಲು ರೂಪುಗೊಳ್ಳುತ್ತಿರುವಾಗ ಕುಡಿದ ಮಕ್ಕಳಿಗೆ ಸುಣ್ಣದ ಬಿಳಿ ಮಚ್ಚೆ, ಕಂದು ಪಟ್ಟೆಗಳುಳ್ಳ ಹಲ್ಲುಗಳೇ ಹುಟ್ಟುತ್ತವೆ. ಈ ಕಲೆ ಹಲ್ಲಿನ ಮೇಲೆ ಕೂತ ಕೊಳೆಯಲ್ಲ, ಕವಚದ ಒಳಗಿನದು. ಮನೆಗೆ ವರನ ಕಡೆಯವರು ಬರುವರೆಂದು ತಿಳಿದೊಡನೆ, ಬಾಯಿ ಮುಚ್ಚಿ ನಗುವುದನ್ನೇ ರೂಢಿಮಾಡಿಕೊಂಡ ಹೆಣ್ಣುಮಗಳು ಹೊತ್ತಿಗೆ ಎರಡು ಬಾರಿ ಇದ್ದಿಲಿನಿಂದ ತಿಕ್ಕತೊಡಗುತ್ತಾಳೆ. ಕಲೆ ಹೋಗುವುದಿಲ್ಲ, ಮೊದಲೇ ದುರ್ಬಲವಾದ ಕವಚ ಹೋಗುತ್ತದೆ. ಅದು ಆಕೆಯ ಅಶುಚಿಯ ಗುರುತಲ್ಲ, ಊರಿನ ಬಾವಿಯ ಗುರುತು ಎಂಬುದನ್ನು ಹೆಣ್ಣು ನೋಡಲು ಬರುವ ಬೀಗರೂ ಅರಿಯಬೇಕು.

ಆ ಕಲೆಗೆ ಉಪಾಯವಿಲ್ಲದೆ ಇಲ್ಲ. ದಂತವೈದ್ಯರು ಕವಚದ ಮೇಲಿನ ತೆಳುಪದರವನ್ನು ಅಳತೆಯಿಂದ ತೆಗೆದೋ, ಹಲ್ಲಿನ ಬಣ್ಣದ ಲೇಪ ಕೂರಿಸಿಯೋ ಅದನ್ನು ಮರೆಸಬಲ್ಲರು. ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಖರ್ಚು ಕಡಿಮೆ. ಚಿಕ್ಕ ಮಕ್ಕಳಿರುವ ಮನೆಯವರು ನೀರಿನ ಕಡೆ ಗಮನ ಕೊಡಬೇಕು. ಇದ್ದಿಲು ತುಂಬಿದ ಸಾಧಾರಣ ಸೋಸುಕ ವಾಸನೆ, ಬಣ್ಣಗಳನ್ನು ತೆಗೆದೀತೇ ಹೊರತು ಫ್ಲೋರೈಡನ್ನು ತೆಗೆಯದು. ಅದಕ್ಕೆ ಸಕ್ರಿಯ ಅಲ್ಯೂಮಿನಾ ಅಥವಾ ಆರ್.ಓ. ಯಂತ್ರವೇ ಬೇಕು. ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದ್ದರೆ ಮಕ್ಕಳಿಗೆ ಕುಡಿಯಲೂ ಅಡಿಗೆಗೂ ಆ ನೀರನ್ನೇ ತರಬೇಕು. ಅಂಥ ಊರುಗಳ ಮಕ್ಕಳಿಗೆ ಯಾವ ಪೇಸ್ಟು ಎಂಬುದನ್ನು ದಂತವೈದ್ಯರನ್ನು ಕೇಳಿಯೇ ನಿರ್ಧರಿಸುವುದು ಲೇಸು.

ಕಪ್ಪು ಪೇಸ್ಟಿನಲ್ಲಿ ಇದ್ದಿಲಿನ ಸಂಗಾತಿಯಾಗಿ ಬರುವುದು ಸಾಮಾನ್ಯವಾಗಿ ಮೆಂತಾಲ್. ಉಜ್ಜಿದ ಮೇಲೆ ಬಾಯಿ ತಂಪಾಗುತ್ತದೆ. ತಂಪಾದದ್ದರಿಂದ ಶುದ್ಧವಾಯಿತೆಂದು ಮನಸ್ಸು ನಂಬುತ್ತದೆ. ಈ ತಂಪು ಎಲ್ಲಿಂದ ಬರುತ್ತದೆ? ಪುದೀನಾ ಜಾತಿಯ ಗಿಡದ ಎಣ್ಣೆಯನ್ನು ತಣಿಸಿದಾಗ ದೊರೆಯುವ ಬಿಳಿಯ ಹರಳೇ ಮೆಂತಾಲ್. ನಮ್ಮ ದೇಶದಲ್ಲಿ ಉತ್ತರ ಪ್ರದೇಶದ ಬಾರಾಬಂಕಿಯ ಸುತ್ತ ಅದರ ಬೇಸಾಯ ಹೆಚ್ಚು. ನಮ್ಮ ಚರ್ಮದ ನರತುದಿಗಳಲ್ಲಿ ಚಳಿಯನ್ನು ಗುರುತಿಸುವ ಪ್ರೋಟೀನೊಂದಿದೆ. ಮೆಂತಾಲ್ ತಗುಲಿದರೂ ಅದು 'ಚಳಿ' ಎಂದೇ ಮೆದುಳಿಗೆ ಸುದ್ದಿ ಕಳುಹಿಸುತ್ತದೆ. ಇದು 2002ರಲ್ಲಿ ಬೆಳಕಿಗೆ ಬಂತು. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ, ಉಷ್ಣ ಮತ್ತು ಸ್ಪರ್ಶಗಳನ್ನು ದೇಹ ಅರಿಯುವ ಬಗೆಯ ಸಂಶೋಧನೆಗಾಗಿ, 2021ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಬೇಸಗೆಯಲ್ಲಿ ತಂಪಿನ ಪೌಡರು ಹಾಕಿಕೊಂಡಾಗ ಮೈಯ ಬಿಸಿ ಇಳಿದಿರುವುದಿಲ್ಲ, ಇಳಿದಂತೆ ಭಾಸವಾಗುತ್ತದೆ. ಬೆವರುಸಾಲೆಯ ತುರಿಕೆಗೆ ಈ ಭಾಸವೇ ಸಾಕಷ್ಟು ಸಮಾಧಾನ ಕೊಡುವುದರಿಂದ ಅದನ್ನು ನಾವು ತೆಗಳುವುದಿಲ್ಲ. ಜ್ವರ ಇಳಿಸಲೆಂದು ಮಗುವಿನ ಹಣೆಗೆ ಬಾಮು ಬಳಿಯುವುದು ಮಾತ್ರ ನಿಷ್ಪ್ರಯೋಜಕ.

ಕಟ್ಟಿದ ಮೂಗಿನ ಕಥೆಯೂ ಇದೇ. ಮೆಂತಾಲಿನಿಂದ ಮೂಗಿನೊಳಗಿನ ಊತ ಇಳಿಯುವುದಿಲ್ಲ, ಗಾಳಿ ಸರಾಗವಾಗಿ ಆಡುತ್ತಿದೆಯೆಂಬ ಅನುಭವ ಮಾತ್ರ ಆಗುತ್ತದೆ. ದೊಡ್ಡವರಿಗೆ ಅದರಿಂದ ನಿದ್ರೆ ಬಂದರೆ ಬರಲಿ. ಹಸುಗೂಸಿನ ಮೂಗಿಗೆ, ಮೂಗಿನ ಕೆಳಗೆ ಅದನ್ನು ಸವರುವುದು ಅಪಾಯ. ಮೆಂತಾಲ್ ಅಥವಾ ಕರ್ಪೂರದ ಘಾಟು ಎಳೆಯ ಮೂಗಿಗೆ ತಗುಲಿದೊಡನೆ ಗಂಟಲಿನ ದ್ವಾರ ಸೆಟೆದು ಉಸಿರು ನಿಲ್ಲಬಹುದು. ಇಂಥ ಮುಲಾಮುಗಳನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಬಳಸಲೇಬಾರದು. ಕೂಸಿನ ಮೂಗು ಕಟ್ಟಿದ್ದರೆ ಔಷಧಾಲಯದಲ್ಲಿ ದೊರೆಯುವ ಉಪ್ಪುನೀರಿನ ಹನಿಗಳು ಸಾಕು. ತೊಟ್ಟಿಲಿಗೆ ಕರ್ಪೂರದ ಗಂಟು ಕಟ್ಟುವ ಪದ್ಧತಿಯನ್ನೂ ಬಿಡುವುದು ಒಳಿತು. ಮಗು ಅದನ್ನು ಬಾಯಿಗಿಟ್ಟುಕೊಂಡು ನುಂಗಿದರೆ ಕೆಲವೇ ನಿಮಿಷಗಳಲ್ಲಿ ಸೆಳವು ಬರಬಹುದು.

ಮಂಡಿನೋವು, ಬೆನ್ನುನೋವಿಗೆ ಬಾಮು ಹಚ್ಚಿಕೊಳ್ಳುವ ಹಿರಿಯರಿಗೂ ಒಂದು ಮಾತು. ಇಂಥ ಲೇಪಗಳಿಂದ ಚರ್ಮ ಸುಟ್ಟ ಪ್ರಕರಣಗಳನ್ನು ಕಂಡು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2012ರಲ್ಲಿ ಎಚ್ಚರಿಕೆ ನೀಡಿತು. ತೀವ್ರವಾದ ಸುಟ್ಟಗಾಯಗಳಲ್ಲಿ ಹೆಚ್ಚಿನವು ಆದದ್ದು ಶೇಕಡಾ 3ಕ್ಕಿಂತ ಹೆಚ್ಚು ಮೆಂತಾಲ್, ಶೇಕಡಾ 10ಕ್ಕಿಂತ ಹೆಚ್ಚು ಮೀಥೈಲ್ ಸ್ಯಾಲಿಸಿಲೇಟ್ ಇದ್ದ ಲೇಪಗಳಿಂದ. ನಮ್ಮಲ್ಲಿಯ ಡಬ್ಬಿಗಳ ಮೇಲೆ ಮೆಂತಾಲನ್ನು ಹಲವೊಮ್ಮೆ 'ಪುದೀನಾ ಕೇ ಫೂಲ್' ಎಂದೂ, ಮೀಥೈಲ್ ಸ್ಯಾಲಿಸಿಲೇಟ್ ಹೇರಳವಾಗಿರುವ ಎಣ್ಣೆಯನ್ನು 'ಗಂಧಪುರ ತೈಲ' ಎಂದೂ ಅಚ್ಚು ಹಾಕಿರುತ್ತಾರೆ. ಎದುರಿನ ಅಂಕಿಯನ್ನು ಮಕ್ಕಳಿಂದ ಓದಿಸಿಕೊಳ್ಳಬೇಕು. ಬಾಮು ಹಚ್ಚಿದ ಜಾಗಕ್ಕೆ ಬಿಸಿನೀರಿನ ಚೀಲ ಇಡಬಾರದು, ಬಿಗಿಯಾಗಿ ಬಟ್ಟೆ ಸುತ್ತಬಾರದು, ಗಾಯಕ್ಕೆ ತಾಗಿಸಬಾರದು. ರಕ್ತ ಹೆಪ್ಪುಗಟ್ಟದಂತೆ ವಾರ್‌ಫರಿನ್ ಮಾತ್ರೆ ತೆಗೆದುಕೊಳ್ಳುವವರು ಗಂಧಪುರ ತೈಲದ ಲೇಪಗಳನ್ನು ವೈದ್ಯರನ್ನು ಕೇಳದೆ ಧಾರಾಳವಾಗಿ ಬಳಸಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಂತೂ ರಾತ್ರಿ ಅಂಗಾಲಿಗೆ ಬಾಮು ತಿಕ್ಕಿ ಕಾಲುಚೀಲ ಹಾಕಿ ಮಲಗುವ ಅಭ್ಯಾಸವನ್ನು ಬಿಡಬೇಕು. ಉರಿ ಹತ್ತಿದ್ದು ಅವರಿಗೆ ತಿಳಿಯುವುದಿಲ್ಲ. ಬೆಳಗ್ಗೆ ಬೊಬ್ಬೆ ಕಂಡಾಗಲೇ ತಿಳಿಯುವುದು.