ಹೆಬ್ಬಾತಿನ ಬೆನ್ನೇರಿದ ಓದು

ಪಾಠಶಾಲೆಗಾಗಿ ಹೇಳಿ ಬರೆಯಿಸಿದ ಪುಸ್ತಕವೊಂದು ಸಾಹಿತ್ಯಕೃತಿಯಾಗಿ ನಿಂತ ನಿದರ್ಶನ ಲೋಕದಲ್ಲಿ ಬಲು ವಿರಳ. ಅಂತಹ ವಿರಳ ನಿದರ್ಶನಗಳಲ್ಲಿ ಸ್ವೀಡನ್ ದೇಶದ ಲೇಖಕಿ ಸೆಲ್ಮಾ ಲಾಗರ್ಲೋಫ್ ಬರೆದ ನಿಲ್ಸ್ ಹೋಲ್ಗರ್ಸನ್ ಎಂಬ ಹುಡುಗನ ಕಥೆಯೊಂದು. 1906 ಮತ್ತು 1907ರಲ್ಲಿ ಎರಡು ಸಂಪುಟಗಳಾಗಿ ಹೊರಬಂದ ಈ ಅದ್ಭುತ ಕಾದಂಬರಿಯನ್ನು ಆಕೆಯಿಂದ ಬರೆಯಿಸಿದವರು ಆ ದೇಶದ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರು. ಮಕ್ಕಳಿಗೆ ಓದುಬರಹ ಕಲಿಸುವ ಬಗೆಯನ್ನು ಕುರಿತು ನಮ್ಮಲ್ಲಿ ಚರ್ಚೆ ನಡೆದಾಗಲೆಲ್ಲ ನನಗೆ ಈ ಪುಸ್ತಕ ನೆನಪಿಗೆ ಬರುತ್ತದೆ.

ಸ್ವೀಡನ್ನಿನವರಿಗೆ ಓದು ಹೊಸತಾಗಿರಲಿಲ್ಲ. 1686ರ ಚರ್ಚಿನ ಶಾಸನದ ಕಾಲದಿಂದಲೂ ಪಾದ್ರಿಯು ಮನೆಮನೆಗೆ ಬಂದು, ಮನೆಮಂದಿಗೆಲ್ಲ ಧರ್ಮಗ್ರಂಥವನ್ನು ಓದಲು ಬರುತ್ತದೆಯೆ ಎಂದು ಪರೀಕ್ಷಿಸುತ್ತಿದ್ದ. ಬರಹದ ಗೊಡವೆ ಮಾತ್ರ ಬಹುಕಾಲ ಯಾರಿಗೂ ಇರಲಿಲ್ಲ. 1842ರಲ್ಲಿ ಊರೂರಿಗೂ ಶಾಲೆಯಿರಬೇಕೆಂಬ ಕಾನೂನು ಬಂತು. 1868ರಲ್ಲಿ ಸರ್ಕಾರವೇ ಒಂದು ವಾಚನ ಪುಸ್ತಕವನ್ನು ಹೊರಡಿಸಿತು. ಹಲವರ ಬರಹಗಳನ್ನು ಆಯ್ದು ಹೊಲಿದ ಕೌದಿಯಂತಹ ಪುಸ್ತಕ ಅದು. ಅದನ್ನೇ ಕಲಿಸಿ ಕಲಿಸಿ ದಣಿದ ಉಪಾಧ್ಯಾಯರ ಸಂಘ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊಸ ಪುಸ್ತಕಮಾಲೆಯೊಂದನ್ನು ತರಲು ಮನಸ್ಸು ಮಾಡಿತು. ಸ್ವದೇಶದ ಭೂವಿವರಣೆ ಲಾಗರ್ಲೋಫರ ಪಾಲಿಗೆ ಬಂತು. ಮುಂದೆ ಇತಿಹಾಸವನ್ನು ಹೈಡೆನ್‌ಸ್ಟಾಮ್ ಎಂಬ ಕವಿಯೂ, ಹೊರಲೋಕದ ವಿಷಯವನ್ನು ಪ್ರವಾಸಿ ಸ್ವೆನ್ ಹೆಡಿನ್ನನೂ ಬರೆದರು.

ಲಾಗರ್ಲೋಫ್ 1885ರಿಂದ ಹತ್ತು ವರ್ಷ ಲಾಂಡ್ಸ್‌ಕ್ರೂನಾ ಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವರು. ತರಗತಿಯಲ್ಲಿ ಮಕ್ಕಳು ಯಾವಾಗ ಆಕಳಿಸುತ್ತಾರೆಂಬುದನ್ನು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಪ್ರಾಣಿಪಕ್ಷಿಗಳ ಜೀವನ, ಗಿಡಮರ, ಗಣಿ, ಐತಿಹ್ಯ ಎಲ್ಲವನ್ನೂ ವರ್ಷಗಟ್ಟಲೆ ಸಂಗ್ರಹಿಸಿದರು. 1904ರಲ್ಲಿ ಉತ್ತರದ ಸೀಮೆಯನ್ನು ಸುತ್ತಿ ಬಂದರು. ಸಾಮಗ್ರಿಯೇನೋ ರಾಶಿಬಿದ್ದಿತು, ಅದನ್ನೆಲ್ಲ ಹೊರುವ ಕಥೆ ಬೇಕಾಗಿತ್ತು.

ಕಥೆಯ ಆರಂಭವನ್ನು ನೋಡಿ. ದಕ್ಷಿಣದ ಸ್ಕೋನೆ ಸೀಮೆಯ ಒಕ್ಕಲಿನ ಮನೆ. ಭಾನುವಾರ. ಹದಿನಾಲ್ಕು ವರ್ಷದ ಸೋಮಾರಿ ಹುಡುಗ ನಿಲ್ಸ್ ಚರ್ಚಿಗೆ ಬರಲೊಲ್ಲ. ಹಾಗಾದರೆ ಮನೆಯಲ್ಲೇ ಕುಳಿತು ಧರ್ಮೋಪದೇಶವನ್ನು ಓದು, ಹಿಂದಿರುಗಿ ಬಂದು ಪುಟಪುಟಕ್ಕೂ ಪ್ರಶ್ನೆ ಕೇಳುತ್ತೇನೆ ಎಂದು ತಂದೆ ಆಜ್ಞಾಪಿಸುತ್ತಾನೆ. ಓದಬೇಕಾದದ್ದು ಹದಿನಾಲ್ಕೂವರೆ ಪುಟ! ಹುಡುಗ ಓದತೊಡಗಿ ನಿದ್ದೆಹೋಗುತ್ತಾನೆ. ಓದು ಕಲಿಸಲೆಂದೇ ಬರೆದ ಪುಸ್ತಕದ ಮೊದಲ ಪುಟಗಳಲ್ಲೇ ಓದುತ್ತ ತೂಕಡಿಸುವ ಹುಡುಗನನ್ನು ಕೂರಿಸಿದ ಈ ಲೇಖಕಿಯ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಪಾದ್ರಿಯ ಪರೀಕ್ಷೆಯಿಂದ ಬಂದ ಆ ಹಳೆಯ ಓದು ಅಲ್ಲಿಗೆ ಮುಗಿಯಿತು. ಎಚ್ಚರಗೊಂಡ ಹುಡುಗ ಮನೆ ಕಾಯುವ ಗೇಣುದ್ದದ ಯಕ್ಷನೊಬ್ಬನನ್ನು ಬಲೆಯಲ್ಲಿ ಸಿಕ್ಕಿಸಿ, ಕೊಟ್ಟ ಮಾತಿಗೆ ತಪ್ಪಿ, ತಾನೂ ಗೇಣುದ್ದವಾಗುತ್ತಾನೆ. ಪ್ರಾಣಿಗಳ ಮಾತು ಅವನಿಗೆ ತಿಳಿಯತೊಡಗುತ್ತದೆ. ಕಾಡುಬಾತುಗಳ ಹಿಂಡಿನೊಡನೆ ಹಾರಲು ಹೊರಟ ಮನೆಯ ಬಿಳಿ ಹೆಬ್ಬಾತನ್ನು ತಡೆಯಲು ಹೋಗಿ, ಅದರ ಕೊರಳಿಗೆ ಜೋತುಬಿದ್ದು ಆಕಾಶಕ್ಕೇರುತ್ತಾನೆ. ಹಿಂಡಿನ ನಾಯಕಿಯ ಹೆಸರು ಅಕ್ಕ. ಉತ್ತರದ ಸಾಮಿ ಜನರ ಭಾಷೆಯಲ್ಲಿ ಆ ಮಾತಿಗೆ ಮುದುಕಿ ಎಂದರ್ಥವಂತೆ. ಕನ್ನಡದ ಮಗುವಿಗಂತೂ ಅದು ಅರ್ಥ ಕೇಳುವ ಹೆಸರೇ ಅಲ್ಲ.

ಮೇಲಿನಿಂದ ನೋಡಿದಾಗ ನೆಲ ಚೌಕಳಿ ಬಟ್ಟೆ ಹಾಸಿದಂತೆ ಕಾಣುತ್ತದೆ. ಇದೇನಿದೆಂದು ಬೆರಗಾದ ಹುಡುಗ ಒಂದೊಂದಾಗಿ ಗುರುತು ಹಿಡಿಯುತ್ತಾನೆ: ಹಸಿರು ಚೌಕ ಹಿಂದಿನ ವರ್ಷ ಬಿತ್ತಿದ ರೈ ಧಾನ್ಯದ ಹೊಲ, ಹಳದಿಬೂದು ಚೌಕ ಕೊಯ್ಲು ಮುಗಿದ ಕೂಳೆಯ ಹೊಲ. ನಕ್ಷೆ ಓದುವ ವಿದ್ಯೆ ಇದೇ ಅಲ್ಲವೆ? ಕಾರ್ಲ್ಸ್‌ಕ್ರೂನಾ ಎಂಬ ನೌಕಾನೆಲೆಯ ಅಧ್ಯಾಯ ಇದಕ್ಕಿಂತಲೂ ಸೊಗಸು. 1680ರಲ್ಲಿ ಆ ಪಟ್ಟಣವನ್ನು ಕಟ್ಟಿಸಿದ ಹನ್ನೊಂದನೆಯ ಕಾರ್ಲ್ ದೊರೆಯ ಕಂಚಿನ ವಿಗ್ರಹವನ್ನು ಹುಡುಗ ರಾತ್ರಿಯಲ್ಲಿ ಅಣಕಿಸುತ್ತಾನೆ. ವಿಗ್ರಹ ಪೀಠದಿಂದಿಳಿದು ದಡದಡನೆ ಬೆನ್ನಟ್ಟಿ ಬರುತ್ತದೆ. ಚರ್ಚಿನ ಬಾಗಿಲಲ್ಲಿ ಕಾಣಿಕೆಗಾಗಿ ನಿಲ್ಲಿಸಿದ ಮರದ ಮುದುಕನೊಬ್ಬ ಹುಡುಗನನ್ನು ತನ್ನ ಟೋಪಿಯೊಳಗೆ ಅಡಗಿಸಿಕೊಳ್ಳುತ್ತಾನೆ. ದೊರೆ ಅದೇ ಮುದುಕನನ್ನು ಜೊತೆಗೆ ಕರೆದುಕೊಂಡು ಹಡಗುಕಟ್ಟೆಯನ್ನೆಲ್ಲ ಸುತ್ತುತ್ತಾನೆ. ಹುಡುಗ ಸಿಕ್ಕಿಬಿದ್ದನೇ ಎಂಬ ಆತಂಕದಲ್ಲಿ ಓದುತ್ತಿರುವ ಮಗು ತನಗರಿಯದಂತೆಯೇ ಸ್ವೀಡನ್ನಿನ ನೌಕಾಬಲದ ಚರಿತ್ರೆಯನ್ನೆಲ್ಲ ಓದಿ ಮುಗಿಸಿರುತ್ತದೆ. ಯಾವ ಇಸವಿಯನ್ನೂ ಬಾಯಿಪಾಠ ಮಾಡೆಂದು ಯಾರೂ ಹೇಳಿಲ್ಲ.

ಮಕ್ಕಳ ಪುಸ್ತಕವೆಂದು ಆಕೆ ನೋವನ್ನು ಮರೆಮಾಡಲಿಲ್ಲವೆಂಬುದನ್ನೂ ಹೇಳಬೇಕು. ಓಸಾ ಮತ್ತು ಅವಳ ತಮ್ಮ ಮಾಟ್ಸ್ ಎಂಬ ಬಡಮಕ್ಕಳ ಕಥೆ ಇದರಲ್ಲಿ ಬರುತ್ತದೆ. ಕ್ಷಯರೋಗದಿಂದ ಒಡಹುಟ್ಟಿದವರೂ ತಾಯಿಯೂ ಸಾಯುತ್ತಾರೆ. ಇದು ಶಾಪದ ಫಲವೆಂದು ಹೆದರಿ ತಂದೆ ಊರು ಬಿಟ್ಟು ಓಡುತ್ತಾನೆ. ಅದು ಶಾಪವಲ್ಲ, ರೋಗವೆಂದು ಮಕ್ಕಳು ಒಂದು ಉಪನ್ಯಾಸದಿಂದ ತಿಳಿದುಕೊಂಡು, ಆ ಸುದ್ದಿಯನ್ನು ಹೇಳಲು ತಂದೆಯನ್ನರಸುತ್ತ ಉತ್ತರದ ಗಣಿಯ ಊರಿಗೆ ಹೋಗುತ್ತಾರೆ. ಆರೋಗ್ಯಶಾಸ್ತ್ರದ ಪಾಠವೊಂದು ಕಣ್ಣೀರಿನಲ್ಲಿ ಅದ್ದಿ ಬಂದಂತಿದೆ.

ಪುಸ್ತಕದಲ್ಲಿ ಕುಂದಿಲ್ಲವೆಂದಲ್ಲ. ಎರಡನೆಯ ಸಂಪುಟದಲ್ಲಿ ಕೆಲವು ಸೀಮೆಗಳ ಸರದಿ ಬಂದಾಗ ಕಥೆ ಬಡಕಲಾಗಿ, ಮೇಷ್ಟರ ಬೆತ್ತದ ತುದಿ ಇಣುಕುತ್ತದೆ. ಓದುವ ಮಗು ಅಂತಹ ಪುಟಗಳನ್ನು ಹಾರಿಸಿಕೊಂಡು ಹೋಗಲಿ. ಹಾರಿಸಲು ಕಲಿಯುವುದೂ ಓದಿನ ಒಂದು ಅಂಗವೇ. ಸ್ವೀಡನ್ನಿನ ಭೂವಿವರಣೆಯಿಂದ ಯಾವ ಪ್ರಯೋಜನವೂ ಇಲ್ಲದ ಜಪಾನಿನಲ್ಲಿ, ಯುದ್ಧಕಾಲದ ಒಂದು ಕಾಡುಕಣಿವೆಯಲ್ಲಿ, ಈ ಕಥೆಯನ್ನು ಓದಿದ ಬಾಲಕನೊಬ್ಬ ತಾನೂ ಹಕ್ಕಿಗಳ ಮಾತನ್ನು ಅರಿಯಬಲ್ಲೆನೆಂದು ನಂಬಿದ್ದ. ಅವನೇ ಕೆಂಜಬುರೊ ಓಎ. 1994ರ ನೊಬೆಲ್ ಉಪನ್ಯಾಸದಲ್ಲಿ ಆತ ಇದನ್ನು ನೆನೆದುಕೊಂಡ. ಲಾಗರ್ಲೋಫರಿಗೆ ಆ ಪಾರಿತೋಷಕ 1909ರಲ್ಲೇ ಬಂದಿತ್ತು. ಸಾಹಿತ್ಯಕ್ಕಾಗಿ ಅದನ್ನು ಪಡೆದ ಮೊದಲ ಮಹಿಳೆ ಅವರೇ.

ಓದಿನ ಮಾತಾಯಿತು. ಬರಹದ ವಿಷಯದಲ್ಲಿಯೂ ಈ ಪುಸ್ತಕಕ್ಕೊಂದು ಸ್ಥಾನವಿದೆ. ಸ್ವೀಡಿಷ್ ಭಾಷೆಯಲ್ಲಿ 'ವ' ಎಂಬ ಒಂದೇ ಧ್ವನಿಯನ್ನು ನಾಲ್ಕು ಬಗೆಯಾಗಿ ಬರೆಯುತ್ತಿದ್ದರು. ಯಾವ ಶಬ್ದಕ್ಕೆ ಯಾವ ಬಗೆಯೆಂಬುದನ್ನು ಮಕ್ಕಳು ಗಟ್ಟಿಮಾಡಬೇಕಾಗಿತ್ತು. 1906ರ ಏಪ್ರಿಲಿನಲ್ಲಿ ಸರ್ಕಾರ ಶಾಲೆಗಳಿಗಾಗಿ ಈ ತೊಡಕನ್ನು ಬಿಡಿಸಿತು. ಪಂಡಿತರಲ್ಲಿ ಹಲವರು ಮುನಿದರು. ಅದೇ ವರ್ಷ ಹೊರಬಂದ ನಿಲ್ಸನ ಕಥೆ ಹೊಸ ಕಾಗುಣಿತದಲ್ಲಿ ಅಚ್ಚಾದ ಮೊಟ್ಟಮೊದಲ ಸಾಹಿತ್ಯಕೃತಿಗಳಲ್ಲೊಂದು. ವಾದದಿಂದ ಒಪ್ಪಿಸಲಾಗದ ಕಾಗುಣಿತವು ಹೆಬ್ಬಾತಿನ ಬೆನ್ನೇರಿ ಮನೆಮನೆಯನ್ನು ಹೊಕ್ಕಿತು. ಅಲ್ಪಪ್ರಾಣ ಮಹಾಪ್ರಾಣಗಳ ವಿಚಾರದಲ್ಲಿ ಕಚ್ಚಾಡುವ ನಾವು ಇದನ್ನು ಗಮನಿಸಬಹುದು.

ಪ್ರತಿವರ್ಷವೂ ಕಾಲೇಜಿಗೆ ಹೊಸದಾಗಿ ಬಂದ ವಿದ್ಯಾರ್ಥಿಗಳನ್ನು ನಾನೊಂದು ಪ್ರಶ್ನೆ ಕೇಳುವುದುಂಟು: ಶಾಲೆಯಲ್ಲಿದ್ದಾಗ ಮೊದಲಿನಿಂದ ಕೊನೆಯವರೆಗೆ ಓದಿದ ಒಂದು ಕಥೆಪುಸ್ತಕದ ಹೆಸರು ಹೇಳಿ. ಮೇಲೇಳುವ ಕೈಗಳು ಬೆರಳೆಣಿಕೆಯಷ್ಟು. ಹತ್ತು ವರ್ಷ ಕನ್ನಡ ಓದಿದವರು ಇವರು! ಓದಿದ್ದೆಲ್ಲ ತುಣುಕುಗಳು, ಪ್ರತಿ ತುಣುಕಿನ ಕೊನೆಗೂ ಪ್ರಶ್ನೆಗಳು, ಬಿಟ್ಟ ಸ್ಥಳಗಳು, ಸಂದರ್ಭಸಹಿತ ವಿವರಣೆ. ನಿಲ್ಸನ ತಂದೆ ಹಿಂದಿರುಗಿ ಬಂದು ಪುಟಪುಟಕ್ಕೂ ಕೇಳುತ್ತೇನೆಂದದ್ದು ಇದನ್ನೇ. ತುಣುಕು ಎಷ್ಟೇ ಒಳ್ಳೆಯ ಕೃತಿಯದಾಗಿರಲಿ, ಮುಂದೇನಾಯಿತೆಂಬ ಹಸಿವು ಹುಟ್ಟುವುದರೊಳಗೆ ಅದು ಮುಗಿದುಹೋಗಿರುತ್ತದೆ. ನಮ್ಮ ಪ್ರಾಥಮಿಕ ತರಗತಿಗಳಲ್ಲಿ ವರ್ಷಕ್ಕೊಂದು ಇಡಿಯ ಕಥೆಪುಸ್ತಕವನ್ನು, ಪರೀಕ್ಷೆಯ ಹಂಗಿಲ್ಲದೆ, ದಿನಕ್ಕೊಂದು ಅಧ್ಯಾಯದಂತೆ ಓದಿಸಬೇಕು. ಅಂತಹ ಪುಸ್ತಕ ಸಾಲದಿದ್ದರೆ ನಮ್ಮ ಉಪಾಧ್ಯಾಯರ ಸಂಘಗಳು ಸಮರ್ಥ ಕಾದಂಬರಿಕಾರರೊಬ್ಬರ ಮನೆ ಬಾಗಿಲಿಗೆ ಹೋಗಿ ಕೇಳಲಿ. ಕೇಳಿ, ನಾಲ್ಕೈದು ವರ್ಷ ಕಾಯಲಿ. ಸಮಿತಿಯೊಂದು ಕುಳಿತು ಬರೆಯತಕ್ಕ ಪುಸ್ತಕ ಇದಲ್ಲ.

ಹೆಬ್ಬಾತುಗಳೇನು ನಮಗೆ ದೂರದವಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು. ನಿಲ್ಸನ ಕಥೆಯನ್ನು ಕೇಳಿದ ಅಲ್ಲಿಯ ಮಗುವಿಗೆ, ಆ ಹಕ್ಕಿಯ ಬೆನ್ನ ಮೇಲಿಂದ ನಿಮ್ಮೂರು ಹೇಗೆ ಕಂಡೀತು, ಒಂದು ಪುಟ ಬರೆದುಕೊಂಡು ಬಾ ಎಂದು ಹೇಳಿ ನೋಡಬಹುದು. ಅದರಲ್ಲಿ ಎಷ್ಟು ಒತ್ತಕ್ಷರ ತಪ್ಪಿದೆಯೆಂದು ಎಣಿಸುವ ಕೆಲಸ ಮರುದಿನಕ್ಕಿರಲಿ.