ಕ್ಯಾನ್ವಾಸ್ ಅಂತ ಕೇಳಿದರೆ ಪ್ಲಾಸ್ಟಿಕ್ ಕೊಡ್ತಾರೆ: ರಾಶಿ ಮುಚ್ಚುವ ಮುನ್ನ ಬಟ್ಟೆ ಯಾವುದೆಂದು ನೋಡಿ

ಮೆಕ್ಕೆಜೋಳ, ರಾಗಿ, ಭತ್ತದ ಒಕ್ಕಣೆ ಶುರುವಾಗುವ ಹೊತ್ತಿಗೇ ಹಿಂಗಾರು ಮಳೆಯೂ ಸುಳಿದಾಡುತ್ತಿರುತ್ತದೆ. ಮೋಡ ಕಂಡ ಕೂಡಲೇ ಎಲ್ಲರೂ ಪೇಟೆಗೆ ಓಡುವುದು ಒಂದೇ ವಸ್ತುವಿಗೆ. ಧಾರವಾಡ, ಹಾವೇರಿ ಕಡೆ ಅದು ತಾಡಪತ್ರಿ, ಮೈಸೂರು, ಮಂಡ್ಯ ಕಡೆ ಟಾರ್ಪಲ್, ಇಲಾಖೆಯ ಕಾಗದದಲ್ಲಿ ತಾಡಪಾಲು. ಸ್ವಲ್ಪ ಗಟ್ಟಿ ಮಾಲು ಬೇಕು ಅನ್ನೋರು "ಕ್ಯಾನ್ವಾಸ್ ಕೊಡ್ರಿ" ಅಂತ ಕೇಳ್ತಾರೆ. ಅಂಗಡಿಯವರೂ "ಇದು ಪಕ್ಕಾ ಕ್ಯಾನ್ವಾಸ್ ಅಣ್ಣಾ" ಅಂತ ಬಿಚ್ಚಿ ತೋರಿಸ್ತಾರೆ. ಬಹಳ ಸಲ ಅವರು ತೋರಿಸುವುದು ನೇಯ್ದ ಪ್ಲಾಸ್ಟಿಕ್. ಬಣ್ಣ ಹಸಿರೋ ಖಾಕಿಯೋ ಇದ್ದರೆ, ಮುಟ್ಟಿದಾಗ ದಪ್ಪ ಅನಿಸಿದರೆ ನಾವೂ ಒಪ್ಪಿಕೊಂಡು ಬರ್ತೀವಿ.

ಹೆಸರಲ್ಲೇನಿದೆ, ಮಳೆ ತಡೆದರೆ ಸಾಕಲ್ಲ ಅಂತ ಕೇಳಬಹುದು. ಸಾಲದು ಅನ್ನೋದೇ ಈ ವಾರದ ನನ್ನ ವಾದ. ಬಟ್ಟೆಯ ಕ್ಯಾನ್ವಾಸು ಮಾಡುವ ಕೆಲಸವೇ ಬೇರೆ, ಪ್ಲಾಸ್ಟಿಕ್ ಹಾಳೆ ಮಾಡುವ ಕೆಲಸವೇ ಬೇರೆ. ಎರಡನ್ನೂ ಒಂದೇ ಹೆಸರಲ್ಲಿ ಕೊಂಡು, ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ, ಮಳೆಗೆ ಉಳಿದ ಕಾಳು ಬೂಷ್ಟಿಗೆ ಹೋಗುತ್ತದೆ.

ಹೆಸರು ಬಂದ ದಾರಿ

ಕ್ಯಾನ್ವಾಸ್ ಅನ್ನುವ ಪದದ ಮೂಲ ಲ್ಯಾಟಿನ್ನಿನ ಕ್ಯಾನಬಿಸ್, ಅಂದರೆ ಭಂಗಿ ಗಿಡ. ಆ ಗಿಡದ ಕಾಂಡದ ನಾರಿನಿಂದ ಯುರೋಪಿನವರು ಹಡಗಿನ ಹಾಯಿಗೆ ದಪ್ಪ ಬಟ್ಟೆ ನೇಯುತ್ತಿದ್ದರು. ಆಮೇಲೆ ಅಗಸೆ ನಾರು ಬಂತು, ಹತ್ತಿ ಬಂತು, ಹೆಸರು ಮಾತ್ರ ಉಳಿಯಿತು. ಇವತ್ತು ಕ್ಯಾನ್ವಾಸ್ ಅಂದರೆ ದಪ್ಪ ನೂಲಿನಿಂದ ಒತ್ತಾಗಿ, ಸಾದಾ ಹೆಣಿಗೆಯಲ್ಲಿ ನೇಯ್ದ ಬಟ್ಟೆ, ಹೆಚ್ಚಾಗಿ ಹತ್ತಿಯದು. ಇದನ್ನೇ ಕೆಲವರು 'ಡಕ್' ಅಂತಾರೆ. ಅದಕ್ಕೂ ಬಾತುಕೋಳಿಗೂ ಸಂಬಂಧವಿಲ್ಲ, ಬಟ್ಟೆ ಅನ್ನುವ ಅರ್ಥದ ಡಚ್ ಪದ ಅದು. ನಮ್ಮ ಇಂಗ್ಲಿಷ್-ಕನ್ನಡ ನಿಘಂಟುಗಳಲ್ಲಿ ಇದಕ್ಕೆ ಕಿತ್ತಾನು ಅನ್ನುವ ಪದವೂ ಇದೆ, ಬಳಕೆಯಲ್ಲಿ ಈಗ ಯಾರಿಗೂ ನೆನಪಿಲ್ಲ.

ಟಾರ್ಪಾಲಿನ್ ಅನ್ನುವುದು ಇನ್ನೊಂದು ಮಾತು. 'ಟಾರ್' ಅಂದರೆ ಡಾಂಬರು, 'ಪಾಲ್' ಅಂದರೆ ಮೇಲೆ ಹೊದಿಸುವ ಬಟ್ಟೆ. ಕ್ಯಾನ್ವಾಸಿಗೆ ಡಾಂಬರು ಬಳಿದು ಹಡಗಿನ ಸರಕು ಮುಚ್ಚುತ್ತಿದ್ದರು. ಅಂದರೆ ಕ್ಯಾನ್ವಾಸ್ ಬಟ್ಟೆಯ ಹೆಸರು, ಟಾರ್ಪಾಲಿನ್ ಆ ಬಟ್ಟೆಗೆ ಕೊಟ್ಟ ಕೆಲಸದ ಹೆಸರು. ಕೆಲಸದ ಹೆಸರು ಪ್ಲಾಸ್ಟಿಕ್ಕಿಗೂ ಹೊಂದುತ್ತದೆ, ಬಟ್ಟೆಯ ಹೆಸರು ಹೊಂದುವುದಿಲ್ಲ. ಗೊಂದಲ ಶುರುವಾಗುವುದೇ ಇಲ್ಲಿ.

ನಮ್ಮ ಹಳ್ಳಿಗಳಿಗೆ ಕ್ಯಾನ್ವಾಸ್ ಇನ್ನೊಂದು ರೀತಿಯಲ್ಲೂ ಗೊತ್ತು. ಎಲೆಕ್ಷನ್ ಬಂದರೆ ಮನೆಮನೆಗೆ ಹೋಗಿ 'ಕ್ಯಾನ್ವಾಸ್' ಮಾಡ್ತಾರಲ್ಲ, ಆ ಪದವೂ ಇದೇ ಬಟ್ಟೆಯಿಂದ ಹುಟ್ಟಿದ್ದು. ಮೊದಲು ಅದಕ್ಕೆ ಕ್ಯಾನ್ವಾಸಿನಲ್ಲಿ ಹಾಕಿ ಮೇಲಕ್ಕೆ ಎಸೆದು ಕುಲುಕುವುದು ಅನ್ನುವ ಅರ್ಥವಿತ್ತು. ಆಮೇಲೆ ಒಂದು ವಿಷಯವನ್ನು ಚೆನ್ನಾಗಿ ಜಾಲಾಡಿಸಿ ನೋಡುವುದು ಅಂತಾಯಿತು, ಕೊನೆಗೆ ಮತ ಕೇಳುವುದಕ್ಕೆ ಬಂದು ನಿಂತಿತು. ಅಂಗಡಿಯವರು ಮಾಲಿನ ಪರವಾಗಿ ಕ್ಯಾನ್ವಾಸ್ ಮಾಡುವಾಗ ನಾವು ಹಳೆಯ ಅರ್ಥದ ಕ್ಯಾನ್ವಾಸ್ ಮಾಡೋದು ಒಳ್ಳೇದು, ಅಂದರೆ ಜಾಲಾಡಿಸಿ ನೋಡೋದು.

ಉಸಿರಾಡುವ ಬಟ್ಟೆ, ಉಸಿರಾಡದ ಹಾಳೆ

ಹಳೇ ಲಾರಿ, ಜೀಪುಗಳ ಮುಂದೆ ಕ್ಯಾನ್ವಾಸಿನ ನೀರಿನ ಚೀಲ ನೇತಾಡುತ್ತಿದ್ದದ್ದು ಹಿರಿಯರಿಗೆ ನೆನಪಿರುತ್ತದೆ. ಚೀಲದ ಮೇಲ್ಮೈ ಸದಾ ತೇವ ಇರುತ್ತಿತ್ತು, ಒಳಗಿನ ನೀರು ಮಣ್ಣಿನ ಗಡಿಗೆಯ ನೀರಿನಂತೆ ತಣ್ಣಗಿರುತ್ತಿತ್ತು. ಹತ್ತಿ ನೂಲು ನೀರು ಕುಡಿದು ಉಬ್ಬಿ ರಂಧ್ರ ಮುಚ್ಚುತ್ತದೆ, ಆದ್ದರಿಂದ ನೀರು ಸುರಿಯುವುದಿಲ್ಲ. ಆದರೆ ತೇವ ಮಾತ್ರ ನಿಧಾನವಾಗಿ ಹೊರಗೆ ಬಂದು ಆವಿಯಾಗುತ್ತದೆ. ಕ್ಯಾನ್ವಾಸಿನ ಗುಣವೆಲ್ಲ ಆ ಚೀಲದಲ್ಲೇ ಕಾಣುತ್ತಿತ್ತು.

ರಾಶಿಯ ಮೇಲೂ ಅದೇ ನಡೆಯುತ್ತದೆ. ಕಾಳು ಸತ್ತ ವಸ್ತು ಅಲ್ಲ, ಅದೂ ಉಸಿರಾಡುತ್ತದೆ. ತೇವ ಜಾಸ್ತಿ ಇದ್ದಷ್ಟೂ ಉಸಿರಾಟ ಜಾಸ್ತಿ, ಶಾಖವೂ ಜಾಸ್ತಿ. ಹಗಲು ಬಿಸಿಯಾದ ರಾಶಿಯನ್ನು ಸಂಜೆ ಪ್ಲಾಸ್ಟಿಕ್ಕಿನಿಂದ ಬಿಗಿಯಾಗಿ ಮುಚ್ಚಿದರೆ ಒಳಗಿನ ಆವಿಗೆ ದಾರಿ ಇಲ್ಲ. ರಾತ್ರಿ ಹಾಳೆ ತಣ್ಣಗಾದಾಗ ಅದರ ಒಳಮೈಯಲ್ಲಿ ಆವಿ ಹನಿಗಟ್ಟುತ್ತದೆ. ಬೆಳಿಗ್ಗೆ ತೆಗೆದು ನೋಡಿದರೆ ಮಳೆಯೇ ಬಾರದಿದ್ದರೂ ಮೇಲಿನ ಕಾಳು ಒದ್ದೆ. ಇದಕ್ಕೆ ರೈತರು 'ರಾಶಿ ಬೆವರಿದೆ' ಅಂತಾರೆ. ಎರಡು ಮೂರು ರಾತ್ರಿ ಹೀಗಾದರೆ ಮೇಲಿನ ಪದರಕ್ಕೆ ಬೂಷ್ಟು ಹಿಡಿಯುತ್ತದೆ, ಭತ್ತ ಮೊಳಕೆಯೊಡೆಯುತ್ತದೆ. ಮೆಕ್ಕೆಜೋಳ, ಶೇಂಗಾ ಆದರೆ ಅಫ್ಲಾಟಾಕ್ಸಿನ್ ವಿಷ ತಯಾರಿಸುವ ಆಸ್ಪರ್ಜಿಲಸ್ ಶಿಲೀಂಧ್ರಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ಆ ವಿಷ ಕುದಿಸಿದರೂ ಹೋಗುವುದಿಲ್ಲ. ಅಂಥ ಮೇವು ತಿಂದ ಹಸುವಿನ ಹಾಲಿಗೂ ಇಳಿಯುತ್ತದೆ.

ನಷ್ಟ ಮಾರಾಟದ ದಿನ ಗೊತ್ತಾಗುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ತೇವಾಂಶದ ಮಿತಿ ಮೆಕ್ಕೆಜೋಳಕ್ಕೆ 14, ಭತ್ತಕ್ಕೆ 17, ರಾಗಿಗೆ 12 ಪ್ರತಿಶತ. ನಾಲ್ಕು ದಿನ ಬಿಸಿಲಲ್ಲಿ ಕೈಯಾಡಿಸಿ ಇಳಿಸಿದ ತೇವ ಎರಡು ರಾತ್ರಿಯಲ್ಲಿ ಮತ್ತೆ ಏರಿದರೆ, ಮೀಟರ್ ತೋರಿಸುವ ಅಂಕಿಯ ಮುಂದೆ ನಮ್ಮ ಮಾತು ನಡೆಯುವುದಿಲ್ಲ.

ಹಾಗಂತ ಕ್ಯಾನ್ವಾಸ್ ಮಂತ್ರದ ಬಟ್ಟೆಯೇನಲ್ಲ. ಹಸಿ ಕಾಳನ್ನು ಯಾವುದರಿಂದ ಮುಚ್ಚಿದರೂ ಕೆಡುತ್ತದೆ. ಒಣಗಿಸುವುದು ಬಿಸಿಲು ಮತ್ತು ಗಾಳಿ, ಹೊದಿಕೆ ಒಣಗಿದ್ದನ್ನು ಕಾಯುತ್ತದೆ ಅಷ್ಟೇ.

ಯಾವ ಕೆಲಸಕ್ಕೆ ಯಾವುದು

ಲೆಕ್ಕ ಸರಳ. ಕೆಳಗೆ ಹಾಸಲು ಪ್ಲಾಸ್ಟಿಕ್, ಮೇಲೆ ಹೊದಿಸಲು ಬಟ್ಟೆ.

ನೆಲದ ತೇವ ಮೇಲೇರದಂತೆ ತಡೆಯಲು ನೇಯ್ದ ಎಚ್‌ಡಿಪಿಇ ಹಾಳೆಯೇ ಸರಿ. ಹಗುರ, ತೊಳೆಯಬಹುದು, ಬೇಗ ಒಣಗುತ್ತದೆ. ಅಲ್ಲಿ ಕ್ಯಾನ್ವಾಸ್ ಹಾಸಿದರೆ ನೆಲದ ತೇವ ಹೀರಿ ಕೊಳೆಯುತ್ತದೆ, ಗೆದ್ದಲೂ ಹತ್ತುತ್ತದೆ. ಕಪ್ಪು ಹಾಳೆಯ ಮೇಲೆ ಭತ್ತ ಒಣಗಿಸುವಾಗ ಮಾತ್ರ ಆಗಾಗ ಕೈಯಾಡಿಸಿ, ಉರಿ ಬಿಸಿಲಲ್ಲಿ ಒಮ್ಮೆಲೇ ಕಾದರೆ ಕಾಳು ಸೀಳು ಬಿಟ್ಟು ಗಿರಣಿಯಲ್ಲಿ ನುಚ್ಚಾಗುತ್ತದೆ.

ಒಣಗಿದ ರಾಶಿ, ಚೀಲದ ಅಟ್ಟಿ, ಮೇವಿನ ಬಣವೆಗಳನ್ನು ನಾಲ್ಕಾರು ದಿನ ಮುಚ್ಚಿಡುವುದಾದರೆ ಮೇಣ ಹಾಕಿದ ಹತ್ತಿ ಕ್ಯಾನ್ವಾಸಿಗೆ ಸಾಟಿ ಇಲ್ಲ. ಅದನ್ನು ಇಳಿಜಾರಾಗಿ ಎಳೆದು ಕಟ್ಟಬೇಕು. ನೀರು ನಿಂತರೆ ಜಿನುಗುತ್ತದೆ. ಮಳೆ ಸುರಿಯುವಾಗ ಒಳಗಿನಿಂದ ಬಟ್ಟೆಗೆ ಕೈಯೋ ಚೀಲವೋ ತಾಗುತ್ತಿದ್ದರೂ ಆ ಜಾಗದಲ್ಲಿ ತೊಟ್ಟಿಕ್ಕುತ್ತದೆ.

ಮನೆಯಲ್ಲಿ ಪ್ಲಾಸ್ಟಿಕ್ ಒಂದೇ ಇದ್ದರೆ? ರಾಶಿಯ ಮೇಲೆ ಮೊದಲು ಗೋಣಿತಾಟು ಹರಡಿ, ಬಿದಿರು ಗಳ ನಿಲ್ಲಿಸಿ, ಅದರ ಮೇಲೆ ಹಾಳೆ ಎಳೆಯಿರಿ. ಹಾಳೆಗೂ ಕಾಳಿಗೂ ಒಂದು ಅಡಿ ಸಂದು ಇರಲಿ, ಮಳೆ ಹೊಡೆಯದ ಬದಿಯಲ್ಲಿ ಗಾಳಿಗೆ ಜಾಗ ಬಿಡಿ. ಬಿದ್ದ ಹನಿಯನ್ನು ಗೋಣಿ ಕುಡಿಯುತ್ತದೆ. ಬಿಸಿಲು ಬಂದ ಕೂಡಲೇ ಎರಡನ್ನೂ ತೆಗೆಯಿರಿ.

ಕ್ಯಾನ್ವಾಸ್ ಬೇಡವೇ ಬೇಡ ಅನ್ನುವ ಕೆಲಸಗಳೂ ಇವೆ. ರಸಮೇವಿನ ಗುಂಡಿಗೆ ಗಾಳಿ ಹೋಗಬಾರದು, ಅಲ್ಲಿ ದಪ್ಪ ಪ್ಲಾಸ್ಟಿಕ್ಕೇ ಬೇಕು. ಕೃಷಿ ಹೊಂಡದ ಒಳಹಾಸಿಗೂ ಅಷ್ಟೇ. ಅಲ್ಯೂಮಿನಿಯಂ ಫಾಸ್ಫೈಡ್ ಹೊಗೆ ಕೊಡುವಾಗಲಂತೂ ಬಟ್ಟೆಯ ಹೊದಿಕೆ ಜೀವಕ್ಕೇ ಅಪಾಯ, ವಿಷಗಾಳಿ ನೂಲಿನ ಸಂದಿಯಿಂದ ಹೊರಬರುತ್ತದೆ. ಆ ಕೆಲಸವನ್ನು ತರಬೇತಿ ಆದವರಿಗೇ ಬಿಡಿ.

ಅಂಗಡಿಯಲ್ಲೇ ಜಾಲಾಡಿಸಿ

ಒಂದನೆಯದು ಎಳೆ. ಅಂಚಿನಿಂದ ಒಂದು ಎಳೆ ಕಿತ್ತು, ಹೊರಗೆ ನಿಂತು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಹಗುರ ಬೂದಿ ಉಳಿಯುತ್ತದೆ. ಪ್ಲಾಸ್ಟಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಮಿಶ್ರ ನೂಲಾದರೆ ಎರಡೂ ಕಾಣುತ್ತದೆ.

ಎರಡನೆಯದು ತೂಕ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಅದನ್ನು ತಿಳಿಯಲು ಪ್ರಯೋಗಾಲಯ ಬೇಡ, ಅಂಗಡಿಯ ತಕ್ಕಡಿ ಸಾಕು. 8 ಮೀಟರ್ ಉದ್ದ, 6 ಮೀಟರ್ ಅಗಲ ಅಂದರೆ 48 ಚದರ ಮೀಟರ್. 250 ಜಿಎಸ್‌ಎಂ ಅಂತ ಹೇಳಿದರೆ ಆ ಹಾಳೆ 12 ಕೆಜಿ ತೂಗಬೇಕು. 8 ಕೆಜಿ ತೂಗಿದರೆ ಸುಮಾರು 167 ಜಿಎಸ್‌ಎಂ ಮಾಲು ನಿಮ್ಮ ಕೈಯಲ್ಲಿದೆ ಅಂತ ಅರ್ಥ. ಅಡಿ ಲೆಕ್ಕದಲ್ಲಿ ಕೊಂಡರೆ ಚದರ ಅಡಿಯನ್ನು 10.76ರಿಂದ ಭಾಗಿಸಿ. 18×24 ಅಡಿಯ ಹಾಳೆ ಸುಮಾರು 40 ಚದರ ಮೀಟರ್, 250 ಜಿಎಸ್‌ಎಂ ಆದರೆ ಸುಮಾರು 10 ಕೆಜಿ. ಅಳತೆಯನ್ನೂ ಟೇಪ್ ಹಿಡಿದು ನೋಡಿ.

ಮೂರನೆಯದು ನೀರು. ಕ್ಯಾನ್ವಾಸಿನ ಮೂಲೆಯನ್ನು ಬಟ್ಟಲಿನಂತೆ ಮಡಚಿ ಒಂದು ಲೋಟ ನೀರು ಹಾಕಿ ಸ್ವಲ್ಪ ಹೊತ್ತು ಬಿಡಿ. ಕೆಳಗೆ ಹನಿ ಬೀಳಬಾರದು.

ನಾಲ್ಕನೆಯದು ಗುರುತು. ಭಾರತೀಯ ಮಾನಕದಲ್ಲಿ ನೇಯ್ದ ಎಚ್‌ಡಿಪಿಇ ಟಾರ್ಪಾಲಿನ್ನಿಗೆ ಐಎಸ್ 7903, ನೀರು ತಡೆಯುವ ಕ್ಯಾನ್ವಾಸಿಗೆ ಐಎಸ್ 2089. ನಂಬರು ಬೇರೆ, ಮಾಲು ಬೇರೆ. ಬಿಲ್ಲಿನಲ್ಲಿ ಬರೀ 'ಟಾರ್ಪಲ್ 1' ಅಂತ ಬರೆಸಿಕೊಳ್ಳದೆ, ಬಟ್ಟೆಯ ಜಾತಿ, ಅಳತೆ, ಜಿಎಸ್‌ಎಂ ಬರೆಸಿಕೊಳ್ಳಿ. ನಾಳೆ ತಕರಾರು ಮಾಡಲು ಕೈಯಲ್ಲಿ ಇರೋದು ಅದೊಂದೇ.

"ಕ್ಯಾನ್ವಾಸ್ ಯಾರಿಗೆ ಕಟ್ಟುತ್ತೆ?"

ಈ ಪ್ರಶ್ನೆ ನ್ಯಾಯವಾದದ್ದೇ. ಹತ್ತಿ ಕ್ಯಾನ್ವಾಸ್ ದುಬಾರಿ, ಭಾರ ಬೇರೆ. ಒದ್ದೆಯಾದರೆ ಎತ್ತಲು ಇಬ್ಬರು ಬೇಕು. ಒಣಗಿಸದೆ ಮಡಚಿಟ್ಟರೆ ಕಪ್ಪು ಚುಕ್ಕೆ ಬಿದ್ದು ಲಡ್ಡಾಗುತ್ತದೆ, ಇಲಿ ಕಡಿಯುತ್ತದೆ. ಸೋಪು ಹಾಕಿ ತೊಳೆದರೆ ಮೇಣ ಹೋಗಿ ನೀರು ಇಳಿಯುತ್ತದೆ. ಎರಡು ಎಕರೆಯ ರೈತರು ವರ್ಷಕ್ಕೆ ಮೂರು ವಾರದ ಕೆಲಸಕ್ಕೆ ಇದನ್ನು ಕೊಳ್ಳಬೇಕು ಅಂತ ನಾನು ಹೇಳೋದಿಲ್ಲ.

ಆದರೆ ಇನ್ನೊಂದು ಕಡೆಯ ಲೆಕ್ಕವನ್ನೂ ಇಡಿ. ಒಳ್ಳೆ ಕ್ಯಾನ್ವಾಸ್ ಹರಿದರೆ ತೇಪೆ ಹಾಕಿ ಹೊಲಿಯಬಹುದು, ಮೇಣ ಹೋದರೆ ಮತ್ತೆ ಹಾಕಿಸಬಹುದು. ತೆಳು ಪ್ಲಾಸ್ಟಿಕ್ ಹಾಳೆ ಬಿಸಿಲಿಗೆ ಸತ್ತ ಮೇಲೆ ಅಂಚಿನಿಂದ ಎಳೆ ಎಳೆಯಾಗಿ ಉದುರುತ್ತದೆ. ಆ ಎಳೆಗಳು ಕಣದಿಂದ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ ಹೋಗುತ್ತವೆ. ಹೊಟ್ಟಿನ ಜೊತೆ ದನದ ಹೊಟ್ಟೆಗೂ ಸೇರುತ್ತವೆ. ಹತ್ತಿ ಎಳೆ ಮಣ್ಣಿಗೆ ಬಿದ್ದರೆ ಮಣ್ಣಾಗುತ್ತದೆ, ಪ್ಲಾಸ್ಟಿಕ್ ಎಳೆ ಆಗುವುದಿಲ್ಲ. ಸತ್ತ ಹಾಳೆಯನ್ನು ಬದುವಿನಲ್ಲಿ ಸುಡಬೇಡಿ, ಗುಜರಿಗೆ ಕೊಡಿ.

ಸಂಘಕ್ಕೂ ಇಲಾಖೆಗೂ ಒಂದು ಮಾತು

ದುಬಾರಿ ಅನ್ನುವ ಸಮಸ್ಯೆಗೆ ದಾರಿ ಇದೆ. ಟ್ರ್ಯಾಕ್ಟರ್, ಒಕ್ಕುವ ಯಂತ್ರವನ್ನು ಎಲ್ಲರೂ ಕೊಳ್ಳುವುದಿಲ್ಲ, ಬಾಡಿಗೆಗೆ ತರುತ್ತೇವೆ. ಊರಿನ ಸಹಕಾರ ಸಂಘವೋ ರೈತ ಉತ್ಪಾದಕ ಕಂಪನಿಯೋ ಐದಾರು ಒಳ್ಳೆ ಕ್ಯಾನ್ವಾಸ್ ಇಟ್ಟುಕೊಂಡು ಸುಗ್ಗಿಯಲ್ಲಿ ದಿನದ ಬಾಡಿಗೆಗೆ ಕೊಡಬಹುದು. ಸಂಘದ ಗೋದಾಮಿನಲ್ಲಿ ಒಣಗಿಸಿ ಮಡಚಿಡುವ ಜವಾಬ್ದಾರಿ ಒಬ್ಬರಿಗಿದ್ದರೆ ಬಾಳಿಕೆಯೂ ಬರುತ್ತದೆ. ಸಣ್ಣ ರೈತರ ಮನೆಗೆ ಕೆಳಹಾಸಿನ ಪ್ಲಾಸ್ಟಿಕ್ ಒಂದು, ಹೊದಿಕೆಗೆ ಸಂಘದ ಕ್ಯಾನ್ವಾಸ್. ಇಷ್ಟಿದ್ದರೆ ಸಾಕು.

ರೈತ ಸಂಪರ್ಕ ಕೇಂದ್ರಗಳಲ್ಲಿ ಸಹಾಯಧನದ ತಾಡಪಾಲು ಕೊಡುತ್ತಾ ಬಂದಿರುವುದು ಒಳ್ಳೆಯ ಕೆಲಸ, ಅದರಿಂದ ಎಷ್ಟೋ ಕಣ ಉಳಿದಿವೆ. ಆದರೆ ಹಾಳೆ ಕೊಡುವಾಗ 'ಇದು ಹಾಸಲು, ಹೊದಿಸುವುದಾದರೆ ಸಂದು ಬಿಡಿ' ಅಂತ ಎರಡು ಸಾಲು ಅದರ ಮೇಲೇ ಅಚ್ಚು ಹಾಕಿಸಿದರೆ ಖರ್ಚೇನೂ ಏರುವುದಿಲ್ಲ. ಸಂಘಗಳು ಕ್ಯಾನ್ವಾಸ್ ಕೊಳ್ಳುವುದಾದರೆ ಅದಕ್ಕೂ ಸಹಾಯಧನ ಸಿಗಲಿ. ಹತ್ತಿ ಬೆಳೆಯುವ ನಾಡಿನಲ್ಲಿ ಹತ್ತಿ ಬಟ್ಟೆಯ ಹೊದಿಕೆಯನ್ನು ಕೇಳುವುದು ಅತಿಯಾಸೆಯಲ್ಲ.

ಈ ವಾರ ಒಂದು ಕೆಲಸ ಮಾಡಿ. ಅಟ್ಟದ ಮೇಲಿರುವ ಹಳೇ ತಾಡಪತ್ರಿಯನ್ನು ಇಳಿಸಿ, ಬಿಸಿಲಿಗೆ ಹರಡಿ, ಆಕಾಶದ ಕಡೆ ಎತ್ತಿ ಹಿಡಿದು ತೂತು ನೋಡಿ, ಎಳೆ ಉದುರುತ್ತಿದೆಯಾ ನೋಡಿ. ಹೊಸದು ಬೇಕಿದ್ದರೆ ಮೋಡ ಕಟ್ಟುವ ಮೊದಲೇ ಪೇಟೆಗೆ ಹೋಗಿ. ಮಳೆ ಹನಿಯುವಾಗ ಹೋದರೆ ತೂಕ ಹಾಕಿ ನೋಡುವಷ್ಟು ಪುರುಸೊತ್ತು ನಮಗೂ ಇರುವುದಿಲ್ಲ, ಅಂಗಡಿಯವರಿಗೂ ಇರುವುದಿಲ್ಲ.