ಶೆಟ್ರ ಗೊರಕೆ ನಿಂತ ರಾತ್ರಿ

ಗಲ್ಫಿನ ಬ್ಯಾಚುಲರ್ ರೂಮುಗಳಲ್ಲಿ ಇದ್ದವರಿಗೆ ಗೊರಕೆಯ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ. ಮನಾಮದ ಗುದೈಬಿಯಾದಲ್ಲಿ ನಾನೂ ಕುಂದಾಪುರದ ಶೆಟ್ರೂ ಒಂದೇ ರೂಮಿಗೆ ಬಂದು ಎರಡು ವರ್ಷ ಆಯ್ತು. ಶೆಟ್ರಿಗೆ ನಲವತ್ತೈದು. ದಪ್ಪ ಕುತ್ತಿಗೆ, ದೊಡ್ಡ ನಗು. ಮಲಗಿದ ಐದೇ ನಿಮಿಷಕ್ಕೆ ಗೊರಕೆ ಶುರು. ಮೊದಲ ವರ್ಷವಿಡೀ ನಾನು ಮಾಡಿದ್ದು ಎರಡೇ ಕೆಲಸ: ರಾತ್ರಿ ದಿಂಬು ಎಸೆಯೋದು, ಬೆಳಿಗ್ಗೆ ಕುಂಭಕರ್ಣ ಅಂತ ರೇಗಿಸೋದು.

ಕಳೆದ ಬೇಸಿಗೆಯಲ್ಲಿ ಒಂದು ರಾತ್ರಿ ಎ.ಸಿ. ಕೆಟ್ಟು, ನಿದ್ದೆ ಬಾರದೆ ಬಿದ್ದುಕೊಂಡಿದ್ದೆ. ಇದ್ದಕ್ಕಿದ್ದಂತೆ ಗೊರಕೆ ನಿಂತಿತು. ಸದ್ಯ, ಅಂದುಕೊಂಡೆ. ಆದರೆ ಉಸಿರಿನ ಸದ್ದೂ ಇರಲಿಲ್ಲ! ಎದೆ ಮಾತ್ರ ಒದ್ದಾಡ್ತಿತ್ತು. ಎಣಿಸಿದೆ... ಇಪ್ಪತ್ತು, ಮೂವತ್ತು, ಮೂವತ್ತಾರು. ಆಮೇಲೆ ನೀರಲ್ಲಿ ಮುಳುಗಿ ಎದ್ದವರ ಹಾಗೆ ಒಂದು ಏದುಸಿರು, ಮತ್ತೆ ಗೊರಕೆ. ಎರಡು ನಿಮಿಷಕ್ಕೆ ಮತ್ತದೇ ಕಥೆ.

ಬೆಳಿಗ್ಗೆ ಕೇಳಿದರೆ, "ಎಂತ ಮಾರಾಯಾ, ಒಳ್ಳೆ ನಿದ್ರೆ ಬಂದಿತ್ತು" ಅಂದ್ರು.

ಇದಕ್ಕೆ ಸ್ಲೀಪ್ ಆಪ್ನಿಯಾ ಅಂತಾರೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತೆ. ಮೆದುಳು ಗಾಬರಿಯಾಗಿ ಅರೆಕ್ಷಣ ಎಬ್ಬಿಸುತ್ತೆ, ಬಿ.ಪಿ. ಜಿಗಿಯುತ್ತೆ. ಮಲಗಿದವರಿಗೆ ಇದ್ಯಾವುದೂ ನೆನಪಿರಲ್ಲ. ಗಂಟೆಗೆ 30ಕ್ಕಿಂತ ಹೆಚ್ಚು ಸಲ ಹೀಗಾದರೆ ತೀವ್ರ ಅಂತ ಲೆಕ್ಕ. ಆಮ್ಲಜನಕ ಹೀಗೆ ರಾತ್ರಿಯಿಡೀ ಇಳಿದು ಏರಿದರೆ ದೇಹದಲ್ಲಿ ಉರಿಯೂತ ಶುರುವಾಗುತ್ತೆ. ಗಾಯವಾದಾಗ ಚರ್ಮ ಕೆಂಪಾಗಿ ಊದಿಕೊಳ್ಳುತ್ತಲ್ಲ, ಅದೇ ಪ್ರತಿಕ್ರಿಯೆ ಸಣ್ಣ ಉರಿಯಲ್ಲಿ, ಒಳಗೊಳಗೇ, ವರ್ಷಗಟ್ಟಲೆ. ರಕ್ತನಾಳಗಳ ಒಳಪದರ ಹಾಳಾಗುತ್ತೆ, ಕೊಬ್ಬು ಕಟ್ಟೋದಕ್ಕೆ ಜಾಗ ಸಿಗುತ್ತೆ. ಹೃದಯಕ್ಕೆ ಬೀಳುವ ಪೆಟ್ಟು ಹೀಗೆ ಗಂಟಲಿಂದ ಶುರುವಾಗುತ್ತೆ.

ಶೆಟ್ರು ಬಿ.ಪಿ.ಗೆ ಎರಡು ಮಾತ್ರೆ ನುಂಗ್ತಿದ್ದರು, ಆದ್ರೂ ಇಳಿಯುತ್ತಿರಲಿಲ್ಲ. ಫೋನಿನಲ್ಲಿ ಅವರ ಗೊರಕೆ ರೆಕಾರ್ಡ್ ಮಾಡಿ ಕೇಳಿಸಿದೆ. ಅವತ್ತು ಮೊದಲ ಸಲ ಅವರು ನಗಲಿಲ್ಲ. "ಊರಿಗೆ ಹೋದಾಗ ಹೆಂಡತಿ ಹೇಳ್ತಿದ್ಲು, ನಾನೇ ತಮಾಷೆ ಮಾಡಿದ್ದೆ" ಅಂದ್ರು. ಪರೀಕ್ಷೆ ಮಾಡಿಸಿದಾಗ ಗಂಟೆಗೆ 41 ಸಲ!

1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಎಂಬ ವೈದ್ಯರು ಪರಿಚಯಿಸಿದ ಸಿ-ಪ್ಯಾಪ್ ಮೆಷಿನ್ ಇದಕ್ಕೆ ಮುಖ್ಯ ಚಿಕಿತ್ಸೆ. ಮಾಸ್ಕಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತೆ. ಇದು ಪವಾಡವೇನಲ್ಲ. 2016ರ ಸೇವ್ ಅಧ್ಯಯನದಲ್ಲಿ, ಮೊದಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದ 2,700ಕ್ಕೂ ಹೆಚ್ಚು ಜನರಲ್ಲಿ ಮೆಷಿನ್ನಿನಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾದದ್ದು ಕಾಣಲಿಲ್ಲ. ಆದರೆ ಅವರು ಅದನ್ನು ಹಾಕಿಕೊಂಡದ್ದು ರಾತ್ರಿಗೆ ಸರಾಸರಿ ಮೂರೂಕಾಲು ಗಂಟೆ ಮಾತ್ರ. ನನಗೆ ಇದರಿಂದ ಅನಿಸೋದು ಇಷ್ಟೇ: ಕಾಯಿಲೆ ಬೇಗ ಗೊತ್ತಾಗಬೇಕು.

ಗೊತ್ತಾಗೋದು ಹೇಗೆ? ಇದೊಂದು ವಿಚಿತ್ರ ಕಾಯಿಲೆ ಸ್ವಾಮಿ, ರೋಗಿಗಿಂತ ಮೊದಲು ಪಕ್ಕದಲ್ಲಿ ಮಲಗಿದವರಿಗೆ ಕಾಣುತ್ತೆ. ಗಲ್ಫಿನಲ್ಲಿ ನಮ್ಮವರ ಪಕ್ಕದಲ್ಲಿ ಯಾರಿರ್ತಾರೆ? ಹೆಂಡತಿ ಊರಲ್ಲಿ. ಇಲ್ಲಿ ಇರೋದು ಕಿವಿಗೆ ಹತ್ತಿ ತುರುಕಿಕೊಂಡ ನನ್ನಂಥವನು. ನಮ್ಮ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಶುಗರ್, ಬಿ.ಪಿ. ನೋಡ್ತಾರೆ. "ರೂಮ್‌ಮೇಟ್ ನಿಮ್ಮ ಗೊರಕೆ ಬಗ್ಗೆ ಏನಂತಾರೆ?" ಅಂತ ಕೇಳಿದ್ದನ್ನು ನಾನು ಕಂಡಿಲ್ಲ. ಪುಕ್ಕಟೆ ಪ್ರಶ್ನೆ, ಕೇಳಬಹುದಲ್ವಾ?

"ಆಫ್ರಿಕಾದಲ್ಲಿ ಶೀಲಾ" ಚಿತ್ರಕ್ಕೆ ಸಂಗೀತ ಕೊಟ್ಟ ಬಪ್ಪಿ ಲಾಹಿರಿ 2022ರ ಫೆಬ್ರವರಿಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣ ಇದೇ ಸ್ಲೀಪ್ ಆಪ್ನಿಯಾ. ಎರಡು ದಿನ ಸುದ್ದಿಯಾಯ್ತು, ಮರೆತೆವು.

ಮೆಷಿನ್ ನಮ್ಮ ಇನ್ಶೂರೆನ್ಸಿನಲ್ಲಿ ಬರಲಿಲ್ಲ. ಮಗಳ ಫೀಸಿನ ದುಡ್ಡು ಅಂತ ಶೆಟ್ರು ತಿಂಗಳು ತಳ್ಳಿದರು, ಕೊನೆಗೆ ಮಗಳೇ ಫೋನಿನಲ್ಲಿ ಬೈದಳು. ಈಗ ಬೆಳಗಿನ ತಲೆನೋವು ಇಲ್ಲ, ಬಿ.ಪಿ. ಸ್ವಲ್ಪ ಇಳಿದಿದೆ. ಮಾತ್ರೆ ಇನ್ನೂ ನಿಂತಿಲ್ಲ.

ರೂಮು ಈಗ ನಿಶ್ಶಬ್ದ. ಆದರೂ ಮಧ್ಯರಾತ್ರಿ ಎಚ್ಚರವಾದರೆ ಒಮ್ಮೆ ಕಿವಿಗೊಟ್ಟು ಕೇಳ್ತೀನಿ. ಇವತ್ತು ರಾತ್ರಿ ನೀವೂ ದಿಂಬು ಎಸೆಯುವ ಮುಂಚೆ ಸ್ವಲ್ಪ ಎಣಿಸ್ತೀರಾ?